ಬೋಟು ದಡ ಏರುವ ಹೊತ್ತು

ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಮೇ ಕೊನೆಗೆ ಉಡುಪಿಯ ಮಲ್ಪೆ ಬಂದರಿಗೆ ಬಂದರೆ ಮೀನು ಏಲಂನ ಕೂಗಿಗಿಂತ ಕ್ರೇನಿನ ಸದ್ದೇ ಜೋರು. ಟ್ರಾಲ್ ಬೋಟು, ಪರ್ಸಿನ್ ಬೋಟುಗಳೆಲ್ಲ ದಕ್ಕೆ ಸೇರುತ್ತಿವೆ. ಬಲೆ, ಹಗ್ಗ, ಐಸಿನ ಪೆಟ್ಟಿಗೆ ಇಳಿಯುತ್ತಿವೆ. ಬೋಟಿನಲ್ಲಿ ದುಡಿಯುವ ದೂರದೂರಿನ ಕಲಾಸಿಗಳು ಚೀಲ ಕಟ್ಟಿಕೊಂಡು ಹೊರಟಿದ್ದಾರೆ. ಹೆಚ್ಚಿನ ಬೋಟುಗಳು ನೀರಲ್ಲೇ ಒತ್ತೊತ್ತಾಗಿ ನಿಲ್ಲುತ್ತವೆ. ತಳದ ಕೆಲಸ ಬಾಕಿ ಇರುವವು ದಡ ಏರುತ್ತವೆ. ಆ ಏರಿಸುವ ಕೆಲಸ ನೋಡಲೆಂದೇ ನಾನು ಇಲ್ಲಿಗೆ ಬಂದದ್ದು.

ವರ್ಷವಿಡೀ ಅಲೆಯ ಹೊಡೆತ ತಾಳಿದ ಬೋಟು ದಡದಲ್ಲಿ ಯಾಕೆ ಪೆಟ್ಟು ತಿನ್ನುತ್ತದೆ? ನೀರು ಬೋಟಿನ ಇಡೀ ತಳಕ್ಕೆ ಆಸರೆ ಕೊಡುತ್ತದೆ. ಮೇಲೆತ್ತಿದ ಕೂಡಲೇ ಅಷ್ಟೂ ಭಾರ ಕ್ರೇನಿನ ಎರಡು ಬೆಲ್ಟಿಗೆ ಬೀಳುತ್ತದೆ, ಕೆಳಗಿಟ್ಟ ಮೇಲೆ ನಾಲ್ಕಾರು ಮರದ ದಿಮ್ಮಿಗಳಿಗೆ. ಬೋಟು ಕಟ್ಟುವಾಗ ಈ ಭಾರವನ್ನು ಎಲ್ಲಿ ಹೊರಿಸಬಹುದು ಎಂದು ಮೇಸ್ತ್ರಿಗೆ ಗೊತ್ತಿರುತ್ತದೆ. ಎತ್ತುವವರಿಗೂ ಅದು ಗೊತ್ತಿರಬೇಕು.

ಕ್ರೇನಿನ ಬಳಿ ಒಂದು ಮಧ್ಯಮ ಗಾತ್ರದ ಬೋಟು ಕಾಯುತ್ತಿತ್ತು. ಮರದ ಮೈ, ಮೇಲೆ ಫೈಬರಿನ ಹೊದಿಕೆ. ಅದನ್ನು ನಡೆಸುವ ತಾಂಡೇಲರು ಅರುವತ್ತು ದಾಟಿದವರು. ಅಂಚಿನ ಪಟ್ಟಿಯ ಮೇಲೆ ಕೆಂಪು ಬಣ್ಣದಲ್ಲಿ ಎಳೆದಿದ್ದ ಎರಡು ಗೆರೆಗಳನ್ನು ತೋರಿಸಿದರು. ಬೆಲ್ಟು ಅಲ್ಲೇ ಕೂರಬೇಕು. ಒಂದು ಗೆರೆ ಎಂಜಿನ್ ಕೋಣೆಯ ಗೋಡೆಯ ನೇರಕ್ಕಿದೆ, ಇನ್ನೊಂದು ಮೀನು ತುಂಬುವ ಕೋಣೆಯ ಮುಂದಿನ ಗೋಡೆಯ ನೇರಕ್ಕೆ. ಒಳಗೆ ಅಡ್ಡಗೋಡೆ ಇರುವಲ್ಲಿ ಮೈ ಗಟ್ಟಿ. ಗೆರೆ ಬಿಟ್ಟು ಎರಡಡಿ ಹಿಂದೆ ಸರಿದರೆ ಬೆಲ್ಟು ಪ್ರೊಪೆಲ್ಲರ್ ಶಾಫ್ಟಿನ ಅಡಿಗೆ ಹೋಗುತ್ತದೆ; ಮುಂದೆ ಸರಿದರೆ ಮೀನಿನ ಹಿಂಡು ಪತ್ತೆ ಮಾಡುವ ಸಾಧನದ ತುದಿ ನಜ್ಜುಗುಜ್ಜು.

“ಬೆಲ್ಟಿಗೆ ಕಣ್ಣುಂಟಾ ಮಾರಾಯ್ರೆ? ಅಡಿಯಲ್ಲಿ ಏನುಂಟು ಅಂತ ನಾವೇ ಹೇಳ್ಬೇಕು,” ಎಂದರು. ಹೇಳಿ ಸುಮ್ಮನಾಗಲಿಲ್ಲ, ಒಬ್ಬ ಹುಡುಗನನ್ನು ನೀರಿಗಿಳಿಸಿ ಬೆಲ್ಟು ಕೂತ ಜಾಗವನ್ನು ಕೈಯಲ್ಲಿ ಸವರಿ ನೋಡಿಸಿದರು. ಮೂತಿಯ ಕಡೆ ತಳ ಮೇಲಕ್ಕೆ ಓರೆಯಾಗಿರುವುದರಿಂದ ಮುಂದಿನ ಬೆಲ್ಟು ಜಾರಬಹುದು. ಅದಕ್ಕೆ ಎರಡೂ ಬೆಲ್ಟುಗಳ ನಡುವೆ ಹಗ್ಗ ಬಿಗಿದರು. ಬೋಟು ಮೇಲೇಳುವ ಮೊದಲೇ ಬೆಲ್ಟುಗಳ ಮರಳು ತೊಳೆದಾಗಿತ್ತು. ಮರಳು ಹಿಡಿದ ಬೆಲ್ಟು ಫೈಬರನ್ನು ಮರಳುಕಾಗದದಂತೆ ಉಜ್ಜುತ್ತದೆ. ಗೀರು ಸಣ್ಣದೇ ಇರಬಹುದು. ಆದರೆ ಅದರಲ್ಲಿ ನೀರು ಇಳಿದು ಫೈಬರಿಗೂ ಮರಕ್ಕೂ ನಡುವೆ ನಿಂತರೆ ಹಲಗೆ ಒಳಗೊಳಗೇ ಕೊಳೆಯುತ್ತದೆ, ಹೊರಗೆ ಬಣ್ಣ ಹೊಳೆಯುತ್ತಲೇ ಇರುತ್ತದೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಕೆಟ್ಟ ಪೆಟ್ಟು ಇದೇ, ಕಾಣುವುದಿಲ್ಲವಲ್ಲ.

ಇನ್ನೊಂದು ಕಾಣದ ಪೆಟ್ಟು ಕೊಕ್ಕೆಯ ಎತ್ತರದ್ದು. ಹತ್ತು ಟನ್ನಿನ ಬೋಟನ್ನು ಎರಡು ಬೆಲ್ಟಿನಲ್ಲಿ ಎತ್ತಿದರೆ ಒಂದೊಂದಕ್ಕೆ ಐದು ಟನ್. ಬೆಲ್ಟಿನ ಎರಡು ಬದಿಗಳೂ 60 ಡಿಗ್ರಿ ಓರೆಯಲ್ಲಿ ಮೇಲೆದ್ದರೆ ಪ್ರತಿ ಬದಿಯ ಎಳೆತ ಮೂರು ಟನ್ನಿಗೂ ಕಡಿಮೆ, ಬೋಟಿನ ಅಂಚನ್ನು ಒಳಕ್ಕೆ ಒತ್ತುವ ಬಲ ಸುಮಾರು ಒಂದೂವರೆ ಟನ್. ಕೊಕ್ಕೆ ಕೆಳಗಿದ್ದು ಓರೆ 30 ಡಿಗ್ರಿಗೆ ಇಳಿದರೆ ಎಳೆತ ಐದು ಟನ್ನಾಗುತ್ತದೆ, ಒತ್ತುವ ಬಲ ನಾಲ್ಕು ಟನ್ ದಾಟುತ್ತದೆ. ಬೋಟು ಅದೇ, ಕ್ರೇನೂ ಅದೇ, ಆದರೂ ಪಕ್ಕದ ಹಲಗೆ ಲಟ್ ಅನ್ನುತ್ತದೆ. ಕೊಕ್ಕೆಯ ಕೆಳಗೆ ಉಕ್ಕಿನ ಅಡ್ಡತೊಲೆ ತೂಗಿಸಿ ಬೆಲ್ಟುಗಳನ್ನು ನೆಟ್ಟಗೆ ಇಳಿಬಿಟ್ಟರೆ ಈ ತೊಂದರೆಯೇ ಇಲ್ಲ. ತೊಲೆ ಕಟ್ಟಲು ಹಿಡಿಯುವ ಸಮಯ ಉಳಿಸಹೋಗಿ ಬೋಟು ಕೆಡಿಸಿಕೊಳ್ಳುವುದು ನನಗಂತೂ ಅರ್ಥವಾಗದ ಮಾತು.

ಟ್ಯಾಂಕಿನ ವಿಷಯವೂ ಇಲ್ಲೇ ಬರುತ್ತದೆ. ಸಾವಿರ ಲೀಟರ್ ನೀರೆಂದರೆ ಒಂದು ಟನ್, ಅಷ್ಟೇ ಡೀಸೆಲ್ ಎಂದರೆ 850 ಕಿಲೋಗೆ ಹತ್ತಿರ. ಅರ್ಧ ತುಂಬಿದ ಟ್ಯಾಂಕು ಬೋಟು ಓಲಿದ ಕಡೆಗೇ ಭಾರ ಸರಿಸುತ್ತದೆ. ಬೋಟು ತೂಗುತ್ತಿರುವಾಗ ಮೂತಿಗೊಂದು, ಹಿಂಬದಿಗೊಂದು ಹಗ್ಗ ಕಟ್ಟಿ ದೂರದಲ್ಲಿ ನಿಂತು ಬೋಟಿನ ದಿಕ್ಕು ಹಿಡಿಯುವುದೇ ಸರಿ. ತೂಗುವ ಬೋಟಿನ ಅಡಿಗೆ ಯಾರೂ ಹೋಗಬಾರದು. ಆ ಬೆಳಗ್ಗೆ ಒಬ್ಬ ಹುಡುಗ ಓಡಿಹೋಗಿ ದಿಮ್ಮಿ ಸರಿಸಿದ. ತಾಂಡೇಲರು ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ, ಆದರೆ ಅದಕ್ಕೆ ನನ್ನ ಪೂರ್ತಿ ಸಮ್ಮತಿಯಿದೆ.

ದೊಡ್ಡ ಬೋಟುಗಳಿಗೆ ಸ್ಲಿಪ್‌ವೇ. ಹಳಿಯ ಮೇಲಿನ ತೊಟ್ಟಿಲು ನೀರೊಳಗೆ ಇಳಿಯುತ್ತದೆ, ಉಬ್ಬರದ ಹೊತ್ತಿಗೆ ಬೋಟು ಅದರ ಮೇಲೆ ಬಂದು ನಿಲ್ಲುತ್ತದೆ, ವಿಂಚು ಎಳೆಯುತ್ತದೆ. ಮೂತಿ ತೊಟ್ಟಿಲಿಗೆ ಕೂತು ಹಿಂಬದಿ ಇನ್ನೂ ತೇಲುತ್ತಿರುವ ಕೆಲವು ನಿಮಿಷ ತೊಟ್ಟಿಲಿನ ಮೇಲೆ ಬಿದ್ದ ಭಾರವೆಲ್ಲ ಕೀಲಿನ, ಅಂದರೆ ತಳದ ಉದ್ದಕ್ಕಿರುವ ನಡುತೊಲೆಯ, ಮುಂದಿನ ಒಂದೇ ಮೊಳದ ಮೇಲಿರುತ್ತದೆ. ಅಲ್ಲಿ ವಿಂಚಿನವನಿಗೆ ಅವಸರ ಸಲ್ಲದು.

ಯಾರ್ಡಿಗೆ ಬಂದರೆ ಸಾಲು ಸಾಲು ಬೋಟುಗಳು, ಅವುಗಳ ಅಡಿಯಲ್ಲಿ ದಿಮ್ಮಿ, ಪಕ್ಕದಲ್ಲಿ ಊರೆ. ನೋಡುವವರಿಗೆ ಊರೆಗಳೇ ಬೋಟನ್ನು ಹೊತ್ತಂತೆ ಕಾಣುತ್ತದೆ. ಭಾರ ಹೊರಬೇಕಾದ್ದು ಕೀಲಿನ ಕೆಳಗಿನ ದಿಮ್ಮಿಗಳು. ಊರೆಯ ಕೆಲಸ ಬೋಟು ಒಂದು ಕಡೆಗೆ ವಾಲದಂತೆ ನೋಡಿಕೊಳ್ಳುವುದು ಮಾತ್ರ. ಊರೆಯನ್ನು ಬಿಗಿದಷ್ಟೂ ಒಳ್ಳೆಯದೆಂದು ಜಾಕಿ ತಿರುಗಿಸುತ್ತ ಹೋದರೆ ತಳ ಒಳಕ್ಕೆ ತಗ್ಗುತ್ತದೆ. ಕೀಲಿನ ಉದ್ದಕ್ಕೂ ದಾರ ಹಿಡಿದು ನೋಡುತ್ತಿದ್ದ ಒಬ್ಬ ಮೇಸ್ತ್ರಿ ನಡುವಿನ ದಿಮ್ಮಿಗೆ ಒಂದು ತೆಳು ಹಲಗೆ ಸೇರಿಸಿದರು. ಅಷ್ಟು ತಗ್ಗಿದ್ದರೂ ಎರಡು ತಿಂಗಳಲ್ಲಿ ಬೋಟಿನ ಬೆನ್ನು ಬಾಗುತ್ತದೆ, ಎಂಜಿನ್ನು ಮತ್ತು ಶಾಫ್ಟಿನ ನೇರ ತಪ್ಪುತ್ತದೆ.

ಇಲ್ಲಿಯ ನೆಲ ಜಂಬಿಟ್ಟಿಗೆ ಮಣ್ಣಿನದು. ಮೇ ತಿಂಗಳಲ್ಲಿ ಕಲ್ಲಿನಂತಿದ್ದದ್ದು ಜೂನ್ ನಡುವೆ ಊರೆಯ ಕಾಲನ್ನು ನುಂಗುತ್ತದೆ. ಕಾಂಕ್ರೀಟು ಇಲ್ಲದ ಕಡೆ ಪ್ರತಿ ಊರೆಯ ಕೆಳಗೂ ಅಗಲದ ಹಲಗೆ ಅಥವಾ ಉಕ್ಕಿನ ತಗಡು ಬೇಕು. ಎದುರುಬದುರು ಊರೆಗಳನ್ನು ಕೀಲಿನ ಅಡಿಯಿಂದ ಸರಪಳಿ ಹಾಕಿ ಜೋಡಿಸಿದರೆ ಅವು ಹೊರಕ್ಕೆ ಜಾರುವುದಿಲ್ಲ. ಟಾರ್ಪಾಲಿನ ಹಗ್ಗವನ್ನು ಊರೆಗೆ ಕಟ್ಟಿದ್ದು ಎರಡು ಕಡೆ ಕಂಡೆ. ಗಾಳಿ ಟಾರ್ಪಾಲನ್ನು ಹಿಡಿದರೆ ಊರೆಯೇ ಕಿತ್ತುಬರುತ್ತದೆ. ಹಗ್ಗವನ್ನು ಬೋಟಿನ ಅಡಿಯಿಂದ ತಂದು ಬೋಟಿಗೇ ಕಟ್ಟಬೇಕು.

ಉಡುಪಿಯ ಮಳೆ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿಗೂ ಮೇಲೆ, ಅದರ ಬಹುಪಾಲು ಇದೇ ತಿಂಗಳುಗಳದ್ದು. ಹತ್ತು ಮೀಟರ್ ಉದ್ದ, ಮೂರು ಮೀಟರ್ ಅಗಲದ ತೆರೆದ ಡೆಕ್ಕಿನ ಮೇಲೆ 100 ಮಿಲಿಮೀಟರ್ ಮಳೆ ಬಿದ್ದರೆ ಮೂರು ಸಾವಿರ ಲೀಟರ್, ಅಂದರೆ ಮೂರು ಟನ್. ಜುಲೈಯಲ್ಲಿ ಇದು ಒಂದೇ ದಿನದ ಮಳೆಯಾಗಬಹುದು. ತಳದ ಬಿರಡೆ ತೆಗೆಯದಿದ್ದರೆ ಆ ಮೂರು ಟನ್ನೂ ದಿಮ್ಮಿಗಳ ಮೇಲೆ. ಬಿರಡೆ ತೆಗೆದು ಮೂತಿಯನ್ನು ತುಸು ಎತ್ತರಿಸಿಟ್ಟರೆ ನೀರು ತಾನಾಗಿ ಹಿಂದಕ್ಕೆ ಹರಿದುಹೋಗುತ್ತದೆ. ತೆಗೆದ ಬಿರಡೆಯನ್ನು ಇಲ್ಲಿಯ ಒಬ್ಬರು ಸ್ಟೇರಿಂಗ್ ಚಕ್ರಕ್ಕೆ ದಾರದಲ್ಲಿ ಕಟ್ಟಿಡುತ್ತಾರೆ, ನೀರಿಗಿಳಿಸುವಾಗ ಯಾರಿಗೂ ಮರೆಯದಿರಲೆಂದು.

ಬೋಟುಗಳ ನಡುವೆ ಜಾಗ ಬಿಡುವುದಕ್ಕೂ ಕಾರಣವಿದೆ. 2023ರ ನವೆಂಬರಿನಲ್ಲಿ, ದೀಪಾವಳಿಯ ಸಮಯ, ಇದೇ ಜಿಲ್ಲೆಯ ಗಂಗೊಳ್ಳಿಯಲ್ಲಿ ನಿಲ್ಲಿಸಿಟ್ಟ ಬೋಟುಗಳಿಗೆ ಬೆಂಕಿ ಹತ್ತಿ ಹಲವು ಸುಟ್ಟುಹೋದವು. ಫೈಬರು, ಬಣ್ಣ, ಡೀಸೆಲ್ ಸೇರಿದಲ್ಲಿ ಬೆಂಕಿ ಒಂದರಿಂದ ಒಂದಕ್ಕೆ ಹಾರುತ್ತದೆ. ಯಾರ್ಡಿನಲ್ಲಿ ವೆಲ್ಡಿಂಗ್ ಕಿಡಿ ಹಾರುತ್ತಿದ್ದಲ್ಲಿಂದ ನಾಲ್ಕು ಹೆಜ್ಜೆಯಲ್ಲಿ ಬಣ್ಣದ ಡಬ್ಬಿಗಳಿದ್ದವು. ಇದು ನನಗೆ ಸರಿ ಕಾಣಲಿಲ್ಲ, ಅಲ್ಲಿದ್ದವರಿಗೆ ಹೇಳಿದೆ, ಅವರು ಡಬ್ಬಿ ಸರಿಸಿದರು.

ಫ್ಲೋರಿಡಾದಂಥ ಕಡೆಯ ಮರೀನಾಗಳಲ್ಲಿ ಸಣ್ಣ ಬೋಟುಗಳನ್ನು ಫೋರ್ಕ್‌ಲಿಫ್ಟಿನಲ್ಲಿ ಎತ್ತಿ, ದೊಡ್ಡ ಶೆಡ್ಡಿನೊಳಗೆ ಮೂರ್ನಾಲ್ಕು ಅಂತಸ್ತಿನ ರ್ಯಾಕುಗಳಲ್ಲಿ ಜೋಡಿಸುತ್ತಾರೆ. ಯಂತ್ರ ಬೇರೆಯಾದರೂ ಬೋಟನ್ನು ಎಲ್ಲಿ ಹಿಡಿಯಬೇಕು ಎಂಬ ಪ್ರಶ್ನೆ ಅಲ್ಲೂ ಇದೆ. ಅದಕ್ಕೇ ಬೆಲ್ಟಿನ ಜಾಗ, ಶಾಫ್ಟು, ತಳದ ಸಾಧನಗಳನ್ನು ಗುರುತಿಸಿದ ಒಂದು ಚಿತ್ರ ಪ್ರತಿ ಬೋಟಿಗೂ ಇರಬೇಕು. ತಾಂಡೇಲರು ಬದಲಾಗುತ್ತಾರೆ, ಕ್ರೇನಿನವರೂ ಬದಲಾಗುತ್ತಾರೆ. ಮೊಬೈಲಿನಲ್ಲಿ ತೆಗೆದ ತಳದ ನಾಲ್ಕು ಫೋಟೋ ಇದ್ದರೂ ಸಾಕು.

ಜುಲೈ ಕೊನೆಗೆ ಇದೆಲ್ಲ ಹಿಂದುಮುಂದಾಗಿ ನಡೆಯುತ್ತದೆ. ಬೋಟು ನೀರಿಗೆ ತಾಗಿದ ಮೇಲೂ ಬೆಲ್ಟು ಬಿಚ್ಚಬಾರದು. ಒಬ್ಬರು ಟಾರ್ಚು ಹಿಡಿದು ಎಂಜಿನ್ ಕೋಣೆಗಿಳಿದು ಬಿರಡೆ, ಶಾಫ್ಟಿನ ಸೀಲು, ನೀರೆಳೆಯುವ ವಾಲ್ವುಗಳನ್ನು ನೋಡಿ ಬರುವವರೆಗೆ ಬೆಲ್ಟು ಸಡಿಲವಾಗಿ ಅಡಿಯಲ್ಲೇ ಇರಲಿ. ಒಂದು ದಿನ ತೇಲಿ ಮೈ ಹೊಂದಿಕೊಂಡ ಮೇಲೆ ಶಾಫ್ಟಿನ ನೇರವನ್ನು ಮತ್ತೊಮ್ಮೆ ಅಳೆಯಬೇಕು. ಕ್ರೇನಿನ ಬಾಡಿಗೆ ಗಂಟೆಯ ಲೆಕ್ಕದ್ದೆಂದು ಮಾಲೀಕರು ಚಡಪಡಿಸುವುದು ಸಹಜ. ಆದರೆ ಆಗಸ್ಟಿನಲ್ಲಿ ಆ ಬೋಟಿನಲ್ಲಿ ಹೊರಡುವವರು ಪಾಲಿನ ದುಡಿಮೆಯ ಕಲಾಸಿಗಳು. ಬಿರುಕು ಬಿಟ್ಟ ಹಲಗೆ ನಡುಗಡಲಲ್ಲಿ ಬಾಯಿ ತೆರೆದರೆ ನೀರು ಎತ್ತಿಹಾಕಬೇಕಾದವರೂ ಅವರೇ.