ಆರೈಕೆದಾರರ ಭತ್ಯೆ: ಯಾರಿಗೆ, ಹೇಗೆ?

ಹಾಸಿಗೆ ಹಿಡಿದವರನ್ನು ಹಗಲಿರುಳು ನೋಡಿಕೊಳ್ಳುವವರು ಬಹುಮಟ್ಟಿಗೆ ಮನೆಯ ಹೆಂಗಸರು. ಆ ದುಡಿಮೆಗೆ ಸಂಬಳವಿಲ್ಲ; ಹೊರಗೆ ದುಡಿಯುವ ಅವಕಾಶವೂ ಅದರಿಂದ ತಪ್ಪುತ್ತದೆ. 2017ರ ಏಪ್ರಿಲ್ 19ರಂದು ಜಾರಿಗೆ ಬಂದ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರ 24ನೇ ಪ್ರಕರಣದಂತೆ, ಹೆಚ್ಚಿನ ಆಸರೆ ಬೇಕಾದ ಅಂಗವಿಕಲರಿಗೆ ಆರೈಕೆದಾರರ ಭತ್ಯೆ ನೀಡುವ ಯೋಜನೆಗಳನ್ನು ಸರ್ಕಾರಗಳು ತಮ್ಮ ಆರ್ಥಿಕ ಸಾಮರ್ಥ್ಯದ ಮಿತಿಯಲ್ಲಿ ರೂಪಿಸತಕ್ಕದ್ದು. ಭತ್ಯೆಯನ್ನು ಹೇಳಿರುವುದು ಅಂಗವಿಕಲ ವ್ಯಕ್ತಿಗೆ, ಆರೈಕೆದಾರರ ವೇತನವಾಗಿ ಅಲ್ಲ. ಇದನ್ನು ಅನೇಕರು ತಪ್ಪಾಗಿ ತಿಳಿಯುವುದುಂಟು.

ಅಂಗವೈಕಲ್ಯವು ಶೇಕಡ 40ಕ್ಕೆ ಕಡಿಮೆಯಿಲ್ಲವೆಂದು ಪ್ರಮಾಣೀಕೃತವಾಗಿದ್ದಲ್ಲಿ, 38ನೇ ಪ್ರಕರಣದ ಮೇರೆಗೆ ಹೆಚ್ಚಿನ ಆಸರೆ ಕೋರಿ ಆ ವ್ಯಕ್ತಿಯೇ, ಇಲ್ಲವೇ ಅವರ ಪರವಾಗಿ ತಾಯಿಯೋ ಮತ್ತೊಬ್ಬರೋ ಅರ್ಜಿ ಸಲ್ಲಿಸಬಹುದು. ಅಗತ್ಯವನ್ನು ನಿರ್ಧರಣಾ ಮಂಡಳಿಯು ಪರಿಶೀಲಿಸುತ್ತದೆ.

ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕೇರಳದ ಆಶ್ವಾಸಕಿರಣಂ ಯೋಜನೆಯು ಹಾಸಿಗೆ ಹಿಡಿದವರ ಆರೈಕೆದಾರರನ್ನೇ ಉದ್ದೇಶಿಸಿದ್ದು. ಎಲ್ಲೆಡೆ ಇಂಥದು ಇದೆಯೆಂದು ಭಾವಿಸಲಾಗದು.

ಕರ್ನಾಟಕದಲ್ಲಿ ಪಡೆದ ಅಂಗವೈಕಲ್ಯ ಪ್ರಮಾಣಪತ್ರವು ದೇಶಾದ್ಯಂತ ಊರ್ಜಿತ. ಮುಂಬಯಿಗೋ ಹೈದರಾಬಾದಿಗೋ ಬಂದವರು ಹೊಸದನ್ನು ಪಡೆಯಬೇಕಿಲ್ಲ. ಭತ್ಯೆಗೆ ಮಾತ್ರ ಆಯಾ ರಾಜ್ಯದ ನಿಯಮಗಳೇ ಅನ್ವಯ. ಪಡಿತರ ಚೀಟಿ ಇನ್ನೂ ಊರಿನ ವಿಳಾಸದಲ್ಲಿದ್ದರೆ, ಅರ್ಜಿಗೆ ಮೊದಲೇ ವಾಸಸ್ಥಳದ ದಾಖಲೆಯನ್ನು ಸರಿಪಡಿಸಿಕೊಳ್ಳುವುದು ಲೇಸು.