ಹಾಲು ಹಂಚಿದ ಹುಡುಗ ಸೇನಾನಿಯಾದುದು

ಅಮೆರಿಕದ ಸ್ವಾತಂತ್ರ್ಯಸಮರವೆಂದೊಡನೆ ವಾಚಕರಿಗೆ ವಾಷಿಂಗ್ಟನ್ನನ ಹೆಸರು ನೆನಪಾಗುವುದು ಸಹಜ. ಆತನ ಕೈಕೆಳಗೆ ಮೇಜರ್ ಜನರಲ್ ಪದವಿಗೇರಿದ ಅಲೆಕ್ಸಾಂಡರ್ ಮೆಕ್‌ಡೂಗಲನನ್ನು ಬಲ್ಲವರು ವಿರಳ. ಈತ ಹುಟ್ಟಿದ್ದು 1732ರಲ್ಲಿ, ಸ್ಕಾಟ್ಲೆಂಡಿನ ಐಲಾ ದ್ವೀಪದಲ್ಲಿ. ನ್ಯೂಯಾರ್ಕ್ ಸೀಮೆಯಲ್ಲಿ ಜಮೀನು ದೊರೆಯುವುದೆಂಬ ಮಾತನ್ನು ನಂಬಿ 1738ರಲ್ಲಿ ಈತನ ಮನೆಯವರು ಕಡಲು ದಾಟಿದರು. ಜಮೀನು ದೊರೆಯಲಿಲ್ಲ. ತಂದೆ ನಗರದಲ್ಲಿ ಹಾಲಿನ ವ್ಯಾಪಾರ ಹಿಡಿದ. ಮಗ ಮನೆಮನೆಗೆ ಹಾಲು ಹಂಚಿದ.

ಮುಂದೆ ಹುಡುಗ ಹಡಗು ಸೇರಿದ. ಯುದ್ಧಕಾಲದಲ್ಲಿ ಶತ್ರುನೌಕೆಗಳನ್ನು ಹಿಡಿಯಲು ಪರವಾನೆ ಪಡೆದ ಖಾಸಗಿ ಹಡಗಿನ ಕಪ್ತಾನನಾಗಿ ಹಣ ಗಳಿಸಿ, ನ್ಯೂಯಾರ್ಕಿನಲ್ಲಿ ವರ್ತಕನಾಗಿ ನೆಲೆನಿಂತ.

1769ರಲ್ಲಿ ಅಲ್ಲಿಯ ಶಾಸನಸಭೆ ಬ್ರಿಟಿಷ್ ದಂಡಿನ ವೆಚ್ಚಕ್ಕೆಂದು 2000 ಪೌಂಡು ಮಂಜೂರು ಮಾಡಿತು. ಇದು ಜನರಿಗೆ ಬಗೆದ ದ್ರೋಹವೆಂದು ಹೆಸರಿಲ್ಲದ ಕರಪತ್ರವೊಂದು ಹೊರಬಿತ್ತು. ಬರೆದವನು ಮೆಕ್‌ಡೂಗಲ್ ಎಂದು ತಿಳಿದುಬಂದು, 1770ರ ಫೆಬ್ರವರಿಯಲ್ಲಿ ಆತನನ್ನು ಹಿಡಿದರು. ಜಾಮೀನು ಕೊಡಲೊಲ್ಲದೆ ಆತ ಸೆರೆಮನೆಯನ್ನೇ ಆರಿಸಿಕೊಂಡ. ಇಲ್ಲೊಂದು ಸ್ವಾರಸ್ಯವುಂಟು. ಲಂಡನ್ನಿನಲ್ಲಿ ಜಾನ್ ವಿಲ್ಕ್ಸನು 1763ರಲ್ಲಿ ರಾಜನ ಭಾಷಣವನ್ನು ಟೀಕಿಸಿ ಸೆರೆಯಾದದ್ದು ತನ್ನ ಪತ್ರಿಕೆಯ 45ನೆಯ ಸಂಚಿಕೆಗಾಗಿ. ಅಂದಿನಿಂದ ಆ ಅಂಕೆಯೇ ಪ್ರತಿಭಟನೆಯ ಸಂಕೇತವಾಗಿತ್ತು. ಫೆಬ್ರವರಿ 14 ವರ್ಷದ 45ನೆಯ ದಿನವಷ್ಟೆ? ಅಂದು 45 ಮಂದಿ ಸೆರೆಮನೆಗೆ ಹೋಗಿ 45 ಪೌಂಡು ಮಾಂಸದ ಊಟ ಮಾಡಿದರು! ನಮ್ಮ 108ರ ಮಹಿಮೆ ಅಲ್ಲಿ 45ಕ್ಕೆ ಬಂದಿತೆನ್ನೋಣ. ನೋಡಬರುವವರ ನೂಕುನುಗ್ಗಲು ತಾಳಲಾರದೆ ಕೈದಿಯೇ ಭೇಟಿಯ ವೇಳೆಯನ್ನು ಗೊತ್ತುಪಡಿಸಿ ಪ್ರಕಟಿಸಬೇಕಾಯಿತು. ಮುಖ್ಯ ಸಾಕ್ಷಿಯಾಗಿದ್ದ ಮುದ್ರಕ ತೀರಿಕೊಂಡುದರಿಂದ ಮೊಕದ್ದಮೆ ಬಿದ್ದುಹೋಯಿತು.

ಯುದ್ಧ ಬಂದಾಗ, 1775ರಲ್ಲಿ, ಈ ವರ್ತಕ ಕರ್ನಲನಾದ. ಮರುವರ್ಷ ಆಗಸ್ಟಿನಲ್ಲಿ ಲಾಂಗ್ ಐಲೆಂಡಿನಲ್ಲಿ ಸೋತ ಸೈನ್ಯವನ್ನು ರಾತ್ರೋರಾತ್ರಿ ದೋಣಿಗಳಿಗೆ ಹತ್ತಿಸುವ ಮೇಲ್ವಿಚಾರಣೆ ಈತನ ಪಾಲಿಗೆ ಬಂತು. ಹಳೆಯ ನಾವಿಕನಿಗೆ ತಕ್ಕ ಕೆಲಸವೇ ಸರಿ. ಕೆನಡಾ ದಂಡಯಾತ್ರೆಗೆ ಹೋದ ಮಗನೊಬ್ಬ ಅಲ್ಲಿಯೇ ಮಡಿದ.

ಆದರೆ ನನ್ನ ಎಣಿಕೆಯಲ್ಲಿ ಈತನ ಹಿರಿದಾದ ಕಾರ್ಯ ರಣರಂಗದ್ದಲ್ಲ. ಸೈನ್ಯಕ್ಕೆ ತಿಂಗಳುಗಟ್ಟಲೆ ಸಂಬಳವಿರಲಿಲ್ಲ. 1782ರ ಡಿಸೆಂಬರಿನಲ್ಲಿ ಅಧಿಕಾರಿಗಳ ಅಹವಾಲನ್ನು ಹೊತ್ತು, ಇಬ್ಬರು ಕರ್ನಲರೊಡನೆ, ಈತ ಫಿಲಡೆಲ್ಫಿಯಕ್ಕೆ ಹೊರಟ. ಆಡಿದ ಮಾತು ತಪ್ಪಿದರೆ ಒಂದು ಸಂಸಾರ ಪಡುವ ಪಾಡನ್ನು ಎಳವೆಯಲ್ಲೇ ಕಂಡವನಲ್ಲವೆ? ಅಧಿಕಾರಿಗಳಿಗೆ ಆಜೀವ ಅರ್ಧವೇತನದ ಬದಲು ಐದು ವರ್ಷಗಳ ಪೂರ್ಣವೇತನವೆಂದು ಕಾಂಗ್ರೆಸ್ ಸಭೆ 1783ರ ಮಾರ್ಚಿನಲ್ಲಿ ಒಪ್ಪಿತು. ಕೈಗೆ ಬಂದದ್ದು ನಾಣ್ಯವಲ್ಲ, ಸಾಲಪತ್ರ. ಅನೇಕರು ಹೊಟ್ಟೆಪಾಡಿಗಾಗಿ ಅವನ್ನು ಅಲ್ಪಬೆಲೆಗೆ ಮಾರಿಕೊಂಡರು.

ಮೆಕ್‌ಡೂಗಲ್ 1784ರಲ್ಲಿ ಬ್ಯಾಂಕ್ ಆಫ್ ನ್ಯೂಯಾರ್ಕಿನ ಪ್ರಥಮ ಅಧ್ಯಕ್ಷನಾಗಿ, 1786ರಲ್ಲಿ ಕಾಲವಾದ. ಆ ಪತ್ರಗಳ ಮುಖಬೆಲೆಯನ್ನು ಮಾನ್ಯಮಾಡಿದ ಕಾನೂನು ಬಂದದ್ದು 1790ರಲ್ಲಿ. ಅಷ್ಟರಲ್ಲಿ ಅವುಗಳಲ್ಲಿ ಬಹುಪಾಲು ವ್ಯಾಪಾರಿಗಳ ಪೆಟ್ಟಿಗೆ ಸೇರಿದ್ದವು.