ಹಲವು ಗಣಕಗಳು, ಒಂದು ಚಿತ್ರ

1995ರಲ್ಲಿ ಅಮೆರಿಕದ ಪಿಕ್ಸಾರ್ ಸಂಸ್ಥೆಯು ‘ಟಾಯ್ ಸ್ಟೋರಿ’ ಎಂಬ ಚಲನಚಿತ್ರವನ್ನು ಪೂರ್ತಿಯಾಗಿ ಗಣಕಯಂತ್ರಗಳಲ್ಲಿಯೇ ರಚಿಸಿ ತೆರೆಗೆ ತಂದಿತು. ಅದರ ಅಂತಿಮ ಚಿತ್ರಗಳನ್ನು ಮೂಡಿಸಲು ಸುಮಾರು ಎಂಟು ಲಕ್ಷ ಯಂತ್ರಗಂಟೆಗಳು ಬೇಕಾದವು. ಒಂದೇ ಯಂತ್ರವನ್ನು ನೆಚ್ಚಿದ್ದರೆ ತೊಂಬತ್ತು ವರ್ಷಗಳಿಗೂ ಮೀರಿ ಕಾಯಬೇಕಾಗುತ್ತಿತ್ತು! ಆದುದರಿಂದ 117 ಯಂತ್ರಗಳು ಆ ದುಡಿಮೆಯನ್ನು ಹಂಚಿಕೊಂಡವು.

ತೆರೆಯ ಮೇಲೆ ಸೆಕೆಂಡಿಗೆ 24 ಚೌಕಟ್ಟುಗಳು ಹಾದುಹೋಗುತ್ತವೆ. ಪ್ರತಿಯೊಂದೂ ಬಿಡಿ ಚಿತ್ರವೇ ಆಗಿರುವುದರಿಂದ ಇಂತಹ ಹಂಚಿಕೆ ಸಾಧ್ಯ. ಚೌಕಟ್ಟಿಗೊಂದು ಕಡತದಂತೆ ಕ್ರಮಸಂಖ್ಯೆ ಕೊಟ್ಟು ಉಳಿಸಿದರೆ, ನಡುವೆ ಒಂದು ಯಂತ್ರವು ಕೆಟ್ಟುನಿಂತರೂ ಅದರ ಪಾಲಿನ ಚೌಕಟ್ಟನ್ನಷ್ಟೇ ಪುನಃ ಮೂಡಿಸಿದರೆ ಸಾಕು. ಆದರೆ ಎಲ್ಲ ಯಂತ್ರಗಳಲ್ಲಿಯೂ ಒಂದೇ ತಂತ್ರಾಂಶವಿರಬೇಕು; ಇಲ್ಲವಾದರೆ ನೆರೆಹೊರೆಯ ಚೌಕಟ್ಟುಗಳಲ್ಲಿ ಬಣ್ಣ ಬೇರೆಯಾಗಿ ದೃಶ್ಯವು ಮಿನುಗೀತು. ಪ್ರತಿಯೊಂದು ದೃಶ್ಯದ ಅಳತೆಯನ್ನು ಸಂಕಲನಕಾರನು ಮೊದಲೇ ಗೊತ್ತುಮಾಡುವುದು ಲೇಸು. ಆಮೇಲೆ ಕತ್ತರಿಸಿ ಎಸೆಯುವ ಒಂದೊಂದು ಸೆಕೆಂಡಿಗೂ 24 ಚೌಕಟ್ಟುಗಳ ದುಡಿಮೆ ವ್ಯರ್ಥವಾಗುತ್ತದೆ.